ಮಸ್ಕತ್ತಿನಲ್ಲಿರುವ ಗೆಳೆಯನಿಗೆ, ಫೋಟೋದವರ ವಿಷಯವಾಗಿ

ಮಾರಾಯಾ,

ನಿನ್ನ ವಾಯ್ಸ್ ಮೆಸೇಜು ಬಂದು ಎಂಟು ದಿನ ಆಯ್ತು. ನಾಲ್ಕು ನಿಮಿಷದ್ದು. ಅದರಲ್ಲಿ ಮೂರು ನಿಮಿಷ ಅಲ್ಲಿನ ಸೆಕೆಯ ಪುರಾಣ, ಉಳಿದದ್ದರಲ್ಲಿ ಅರ್ಧ ನಿನ್ನ ನಗೆ. ಕೊನೆಗೆ ಒಂದು ಪ್ರಶ್ನೆ: "ಅಕ್ಟೋಬರಿಗೆ ನಮ್ಮಲ್ಲೂ ಉಂಟಲ್ಲ, ಹಸಿಮಗುವಿನ ಫೋಟೋ ತೆಗೆಯುವವರು ಊರಲ್ಲಿ ಯಾರು ಒಳ್ಳೆದು? ನೀನು ಎಲ್ಲ ಜಾಲಾಡಿದ್ದಿಯಂತೆ."

ನಮ್ಮ ಮಗುವಿಗೆಂದು ಜಾಲಾಡಿದ್ದು ಹೌದು. ಒಂದು ನಂಬರು ಕಳಿಸಿ ಕೈ ತೊಳೆದುಕೊಳ್ಳಬಹುದಿತ್ತು. ಆದರೆ ನಿನಗೊಬ್ಬನಿಗೇ ಬರೆದರೆ ನೀನು ಓದುವುದಿಲ್ಲ. ನಾಲ್ಕು ಜನ ಓದಿ "ಅದೆಂತ ಹಾಗೆ ಬರೆದಿದ್ದಾನೆ" ಎಂದು ಕೇಳಿದ ಮೇಲೆ ಮಾತ್ರ ಹುಡುಕಿ ಓದುತ್ತಿ. ಹಾಗಾಗಿ ಎಲ್ಲರ ಎದುರೇ ಬರೆಯುತ್ತಿದ್ದೇನೆ. ಉಳಿದವರು ಬೇಕಾದರೆ ಓದಿ, ಇಲ್ಲದಿದ್ದರೆ ಒಂದು ಲೈಕು ಒತ್ತಿ ಮುಂದೆ ಹೋಗಿ.

ಮೊದಲು ದಿನದ ಲೆಕ್ಕ. ಈ ಫೋಟೋದವರಿಗೆ ಮಗು ಹುಟ್ಟಿ 5ರಿಂದ 14 ದಿನದ ಒಳಗೆ ಸಿಗಬೇಕು. ಆಗ ಅದು ದಿನಕ್ಕೆ 16 ಗಂಟೆಯಾದರೂ ನಿದ್ದೆ ಮಾಡುತ್ತದೆ, ಹೊಟ್ಟೆಯೊಳಗೆ ಇದ್ದ ಹಾಗೆಯೇ ಮುದುಡಿಕೊಳ್ಳುತ್ತದೆ, ಎತ್ತಿ ಆಚೀಚೆ ಇಟ್ಟರೂ ಗೊತ್ತಾಗುವುದಿಲ್ಲ. ಆಮೇಲೆ ಕೈಕಾಲು ಚಾಚಲು ಕಲಿಯಿತು, ಹೊಟ್ಟೆಯಲ್ಲಿ ವಾಯು ಶುರುವಾಯಿತು, ಮುಖದ ಮೇಲೆ ಸಣ್ಣ ಬೊಕ್ಕೆಗಳೆದ್ದವು ಎಂದರೆ ಆಟ ಮುಗಿಯಿತು. ನಮ್ಮ ಹಿರಿಯರ ಲೆಕ್ಕದಲ್ಲಿ ಅದೇ ದಿನಗಳು ಅಮೆ, ಅಂದರೆ ಹೆರಿಗೆಯ ಸೂತಕ. ಹನ್ನೊಂದರ ಪುಣ್ಯಾಹ ಆಗದೆ ಹೊರಗಿನವರು ಬಾಣಂತಿ ಕೋಣೆಗೆ ಕಾಲಿಡುವ ಹಾಗಿಲ್ಲ. ಉಳಿದದ್ದು ಹನ್ನೆರಡು, ಹದಿಮೂರು, ಹದಿನಾಲ್ಕು. ಕನಕನ ಕಿಂಡಿಯಷ್ಟು ಜಾಗ.

ಬಾಣಂತನ ಬಾರ್ಕೂರಿನಲ್ಲಿ, ಹೆಂಡತಿಯ ತಾಯಿಮನೆಯಲ್ಲಿ. ಅಲ್ಲಿ ಅವಳ ಅಜ್ಜಿ ಇದ್ದಾರೆ, ತೊಂಬತ್ತಕ್ಕೆ ಎರಡು ಕಮ್ಮಿ. ಅವರದ್ದು ಒಂದೇ ಹಟ: "ಹಸಿ ಮಗು ಪಟ ತೆಗುಕಾಗ." ಆಯಸ್ಸು ಕಮ್ಮಿಯಾಗುತ್ತದಂತೆ. ಇದೇ ಅಜ್ಜಿ ಮಗು ಮನೆಗೆ ಬಂದ ದಿನವೇ ಅದನ್ನು ಮುಂಬೈಗೂ ಬಹರೈನಿಗೂ ವೀಡಿಯೋ ಕಾಲಿನಲ್ಲಿ ತೋರಿಸಿ ಆಗಿತ್ತು. ಅದು ಪಟ ಅಲ್ಲವಂತೆ, ಫೋನು.

ಇನ್ನು ಫೋಟೋದವರು. ಮಂಗಳೂರಿನಲ್ಲಿ ಮೊದಲು ಮಾತಾಡಿಸಿದವ ಮದುವೆಯ ಫೋಟೋದವ. "ಮದುವೆ, ಮುಂಜಿ, ಬೇಬಿ ಎಲ್ಲ ಮಾಡ್ತೇವೆ ಸರ್. ಡ್ರೋನ್ ಬೇಕಾ?" ಹತ್ತು ದಿನದ ಮಗುವಿಗೆ ಡ್ರೋನ್. ಅದೂ ಜೂನ್ ತಿಂಗಳ ಮಳೆಯಲ್ಲಿ. ಎರಡನೆಯದು ಭಾರೀ ಚಂದದ ಸ್ಟುಡಿಯೋ. ಒಳಗೆ ಹೋದರೆ ನನಗೇ ನಡುಕ, ಎಸಿ 18ರಲ್ಲಿತ್ತು. ಬಟ್ಟೆ ಬಿಚ್ಚಿ ಮಲಗಿಸುವ ಮಗುವಿಗೆ ಕೋಣೆ 27-28 ಡಿಗ್ರಿಯಾದರೂ ಬೆಚ್ಚಗಿರಬೇಕು, ಅದಕ್ಕೆ ತನ್ನ ಮೈಯ ಬಿಸಿ ಕಾಪಾಡಿಕೊಳ್ಳಲು ಇನ್ನೂ ಬರುವುದಿಲ್ಲ. ಕೇಳಿದ್ದಕ್ಕೆ "ಲೈಟ್ ಹಾಕಿದ ಮೇಲೆ ಬಿಸಿ ಆಗ್ತದೆ ಸರ್" ಅಂದರು. ನಮಸ್ಕಾರ ಹೇಳಿ ಬಂದೆ.

ಮೂರನೆಯವನ ಹತ್ತಿರ ನಾನು ಕೇಳಿದ ಪ್ರಶ್ನೆಯನ್ನು ನೀನೂ ಕೇಳಲೇಬೇಕು, ಬರೆದಿಟ್ಟುಕೋ. ಮಗು ಎರಡು ಅಂಗೈ ಮೇಲೆ ಗದ್ದ ಊರಿ, ಕಪ್ಪೆಯ ಹಾಗೆ ಕೂತು ನಿದ್ದೆ ಮಾಡುವ ಫೋಟೋ ನೋಡಿದ್ದಿಯಲ್ಲ? ಅದಕ್ಕೆ ಫ್ರಾಗ್ ಪೋಸ್ ಅಂತಲೇ ಹೆಸರು. ಆಗಷ್ಟೇ ಹುಟ್ಟಿದ ಯಾವ ಮಗುವೂ ತನ್ನ ತಲೆಯ ಭಾರ ಹಾಗೆ ಹೊರುವುದಿಲ್ಲ. ಅದು ಒಂದು ಫೋಟೋ ಅಲ್ಲ, ಎರಡು. ಒಂದರಲ್ಲಿ ಯಾರೋ ತಲೆ ಹಿಡಿದಿರುತ್ತಾರೆ, ಇನ್ನೊಂದರಲ್ಲಿ ಮಣಿಕಟ್ಟು. ಆಮೇಲೆ ಕಂಪ್ಯೂಟರಿನಲ್ಲಿ ಎರಡನ್ನೂ ಸೇರಿಸಿ ಕೈಗಳನ್ನು ಅಳಿಸುತ್ತಾರೆ. ಮಗುವಿನ ಮೈಯಿಂದ ಒಬ್ಬರ ಕೈ ಒಂದು ಕ್ಷಣವೂ ಬಿಡಬಾರದು. "ನೀವು ಹೇಗೆ ಮಾಡುದು?" ಅಂತ ಕೇಳಿದೆ. ಆಸಾಮಿ ನಕ್ಕು, "ಅಷ್ಟೆಲ್ಲ ಬೇಡ ಸರ್, ಎರಡು ಸೆಕೆಂಡು ಬಿಟ್ರೆ ಸಾಕು, ಎಂತ ಆಗುದಿಲ್ಲ" ಅಂದ. ಆ ಎರಡು ಸೆಕೆಂಡು ಕೇಳಿದ ಮೇಲೆ ನನಗೆ ಎರಡು ರಾತ್ರಿ ನಿದ್ದೆ ಬರಲಿಲ್ಲ. ಆಗ ಮಗು ಇನ್ನೂ ಹೊಟ್ಟೆಯಲ್ಲಿ.

ಕೊನೆಗೆ ಸಿಕ್ಕಿದವರು ಉಡುಪಿ ಕಡೆಯ ಹೆಂಗಸು, ಮನೆಗೇ ಬರುವವರು. ನಂಬರು ಖಾಸಗಿಯಾಗಿ ಕಳಿಸುತ್ತೇನೆ. ನಾನು ಪ್ರಶ್ನೆಪತ್ರಿಕೆ ತೆಗೆಯುವ ಮೊದಲೇ ಅವರೇ ನನ್ನನ್ನು ಕೇಳಿದರು: ಮಗು ಹುಟ್ಟಿದಾಗ ಎಷ್ಟು ತೂಕ, ಈಗ ಎಷ್ಟು? ಮೊದಲ ವಾರ ಇಳಿದ ತೂಕ ವಾಪಸು ಬಂದಿಲ್ಲ ಎಂದರೆ ತಾವು ಬರುವುದಿಲ್ಲ, ಮೊದಲು ಹಾಲು, ಆಮೇಲೆ ಫೋಟೋ ಅಂದರು. ನಾಯಿಕೆಮ್ಮಿನ ಲಸಿಕೆ ಹಾಕಿಸಿಕೊಂಡಿದ್ದಾರಂತೆ. ಬಂದವರೇ ಉಂಗುರ, ಬಳೆ, ವಾಚು ತೆಗೆದಿಟ್ಟು, ಮೊಣಕೈವರೆಗೆ ಸಾಬೂನು ಹಾಕಿ ತೊಳೆದರು. ಅಲ್ಲಿಯವರೆಗೆ ಗೋಡೆಗೆ ಒರಗಿ ಪಟಕ್ಕೆ ವಿರೋಧ ಸೂಚಿಸುತ್ತಿದ್ದ ಅಜ್ಜಿ, ಸೊಸೆಯ ಕಡೆ ತಿರುಗಿ "ಹೆಣ್ಣು ಅಡ್ಡಿಲ್ಲೆ" ಅಂದರು.

ಹದಿಮೂರನೇ ದಿನ. ಹತ್ತೂವರೆಗೆ ಕರೆಂಟು ಹೋಯ್ತು. ಅವರು ತಂದ ಹೀಟರು ಬಾಯಿ ಮುಚ್ಚಿತು. ಇನ್ವರ್ಟರಿಗೆ ಹೀಟರು ಎಳೆಯುವ ತ್ರಾಣ ಇಲ್ಲ. ನಾನು ಮೆಸ್ಕಾಂಗೆ ಫೋನು ಹಚ್ಚುವಷ್ಟರಲ್ಲಿ ಅತ್ತೆ ಬಚ್ಚಲಿನ ಪಕ್ಕದ ಸಣ್ಣ ಕೋಣೆಯ ಬಾಗಿಲು ತೆಗೆದರು. ಬಾಣಂತಿಯ ನೀರಿಗೆಂದು ಬೆಳಿಗ್ಗೆಯಿಂದ ಹಂಡೆಯ ಒಲೆ ಉರಿಯುತ್ತಿತ್ತಲ್ಲ, ಅದರ ಗೋಡೆ ರೊಟ್ಟಿ ಕಾವಲಿಯ ಹಾಗೆ ಕಾದಿತ್ತು. ಪಡುವಣದ ಕಿಟಕಿ. ಹೊರಗೆ ದಟ್ಟ ಮೋಡ. ಆ ಬೆಳಕಿನಲ್ಲಿ ನೆರಳಿಗೆ ಅಂಚೇ ಇರಲಿಲ್ಲ. ಫ್ಲಾಶ್ ಬೇಡವೇ ಬೇಡ, ಈ ಬೆಳಕಿಗೆ ಪಟ್ಟಣದವರು ದುಡ್ಡು ಕೊಟ್ಟು ಡಬ್ಬ ತರ್ತಾರೆ ಅಂದರು ಅವರು. ಮಗು ಮಲಗಲಿ ಎಂದು ಮೊಬೈಲಿನಲ್ಲಿ ಶ್ಶ್ ಎನ್ನುವ ಶಬ್ದ ಹಾಕುತ್ತಾರೆ, ಅದನ್ನೂ ಹಾಕಲಿಲ್ಲ. ಹೆಂಚಿನ ಮೇಲೆ ಮಳೆ ಹೊಯ್ಯುತ್ತಿತ್ತು. ಆ ಕೋಣೆಯಲ್ಲಿ ಕೆಂಡದ ಮೇಲೆ ಬುಟ್ಟಿ ಕವುಚಿ ಮಗುವಿನ ಬಟ್ಟೆ ಒಣಗಿಸುವುದು. ಹೊಗೆಗೆ ಕಪ್ಪಾದ ಆ ಬೆತ್ತದ ಬುಟ್ಟಿಯನ್ನೇ ಅವರು ಒರೆಸಿ, ಮಗುಚಿ, ಒಳಗೆ ಅಜ್ಜಿಯ ಹಳೇ ಸೀರೆಯನ್ನು ಆರು ಮಡಿಕೆ ಹಾಕಿ ಮಗುವನ್ನು ಮಲಗಿಸಿದರು. ಅತ್ತೆಗೆ ಮರ್ಯಾದೆಯೇ ಹೋದ ಹಾಗಾಯ್ತು, "ಹೊಸ ಬುಟ್ಟಿ ಉಂಟು ಮಾರಾಯ್ತಿ, ಅಟ್ಟದ ಮೇಲೆ ಉಂಟು!" ಎನ್ನುತ್ತಲೇ ಇದ್ದರು. ನಾನು ಬುಟ್ಟಿಯ ಅಂಚಿನ ಹೊರಗೆ, ಫೋಟೋಕ್ಕೆ ಕಾಣದ ಹಾಗೆ, ಒಂದು ಕೈ ಒಳಗಿಟ್ಟು ಮೊಣಕಾಲೂರಿ ಕೂತಿದ್ದೆ. ಕಪ್ಪೆ ಗಿಪ್ಪೆ ಎಲ್ಲ ಬೇಡ ಎಂದು ನಾವಿಬ್ಬರೂ ಮೊದಲೇ ತೀರ್ಮಾನ ಮಾಡಿ ಆಗಿತ್ತು.

ಇಲ್ಲಿಗೆ ನಿನ್ನ ಪ್ರಶ್ನೆಗೆ ಉತ್ತರ ಮುಗಿಯಿತು. ಇಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು.

ವಾರದ ನಂತರ ಫೋಟೋ ಆರಿಸಲು ಅವರ ಮನೆಗೆ ಹೋದೆ, ಒಬ್ಬನೇ. ನಿನಗೆ ಗೊತ್ತುಂಟು, ಮಗುವಿಗೆ ಮೂರನೇ ದಿನ ಕಾಮಾಲೆ ಎಂದು ಆಸ್ಪತ್ರೆಯಲ್ಲಿ ಎರಡು ದಿನ ನೀಲಿ ಬೆಳಕಿನಲ್ಲಿ ಇಟ್ಟಿದ್ದರು. ನೂರರಲ್ಲಿ ಅರುವತ್ತು ಮಕ್ಕಳಿಗೆ ಬರುವಂಥದ್ದೇ, ಹೆಚ್ಚಾಗಿ ಹೆದರುವಂಥದ್ದಲ್ಲ. ಆದರೆ ಹದಿಮೂರನೇ ದಿನವೂ ಚರ್ಮದಲ್ಲಿ ಒಂಚೂರು ಹಳದಿ ಉಳಿದಿತ್ತು. ಕ್ಯಾಮೆರಾ ಅದನ್ನು ಕಣ್ಣಿಗಿಂತ ಚೆನ್ನಾಗಿ ಹಿಡಿಯುತ್ತದೆ. ಅವರು ಮೌಸಿನಲ್ಲಿ ಹಳದಿಯನ್ನು ಇಳಿಸಿದರು, ಮೂಗಿನ ಹತ್ತಿರದ ಕೆಂಪು ತೆಗೆದರು. "ಈಗ ಸರಿ ಆಯ್ತು ಸರ್, ಇದು ಅವಳದ್ದೇ ಬಣ್ಣ" ಅಂದರು.

ನಾನು "ಇನ್ನೊಂಚೂರು" ಅಂದೆ.

"ಹಳದಿ ಪೂರ ಹೋಗಿದೆ ಸರ್."

"ಹಳದಿ ಅಲ್ಲ. ಕ್ಯಾಮೆರಾದಲ್ಲಿ ಸ್ವಲ್ಪ ಕಪ್ಪು ಬಂದಿದೆ ಅಲ್ವಾ?"

ಕ್ಯಾಮೆರಾ ಏನೂ ಮಾಡಿಲ್ಲ ಎಂದು ಅವರು ಸಮಾಧಾನದಲ್ಲೇ ಹೇಳಿದರು. ಹಿಂದೆ ಹಾಗೆ ಆಗುತ್ತಿತ್ತಂತೆ. ರೀಲಿನ ಕಾಲದಲ್ಲಿ ಕೊಡಾಕಿನವರು ಲ್ಯಾಬುಗಳಿಗೆ ಒಬ್ಬ ಬಿಳಿ ಹೆಂಗಸಿನ ಫೋಟೋ ಕಳಿಸುತ್ತಿದ್ದರು, ಶರ್ಲಿ ಕಾರ್ಡು ಅಂತ. ಅವಳ ಬಣ್ಣ ಸರಿ ಬಂದರೆ ಮೆಷಿನು ಸರಿ. ನಮ್ಮಂಥವರ ಮುಖ ಅದರಲ್ಲಿ ಇದ್ದಿಲಾದರೆ ಕೇಳುವವರಿಲ್ಲ. "ಈಗಿನದ್ದಕ್ಕೆ ಆ ತೊಂದರೆ ಇಲ್ಲ" ಅಂದರು. ನಾನು ತಲೆ ಆಡಿಸಿದೆ. ಆಡಿಸಿ, ಮತ್ತೆ "ಒಂಚೂರು" ಅಂದೆ. ಅವರು ಬೇರೆ ಮಾತಾಡಲಿಲ್ಲ. ಎಲ್ಲರೂ ಕೇಳುವುದೇ ಇರಬೇಕು. ಸ್ಕ್ರೀನಿನ ಮೇಲೆ ಒಂದು ಗೆರೆ, ಅದರ ಮೇಲೊಂದು ಗುಂಡಿ. ಗುಂಡಿ ಬಲಕ್ಕೆ ಸರಿಯಿತು. ಮಗು ನನ್ನ ಕಡೆಯಿಂದ ಅವಳ ಅಮ್ಮನ ಕಡೆಗೆ ಹೊರಟ ಹಾಗೆ ಕಂಡಿತು. ಒಂದು ಕಡೆ "ಸಾಕು, ಅಲ್ಲೇ ನಿಲ್ಲಿಸಿ" ಅಂದೆ.

ಎಂಟನೇ ಕ್ಲಾಸಿನಲ್ಲಿ ಆವರ್ತ ಕೋಷ್ಟಕದ ಚಾರ್ಟಿನ ಎದುರು ನೀನು ನನಗಿಟ್ಟ ನಂಬರು ನೆನಪುಂಟಲ್ಲ? ಇಡೀ ಶಾಲೆ ಪಿಯುಸಿವರೆಗೆ ನನ್ನನ್ನು ಅದೇ ನಂಬರಿನಲ್ಲಿ ಕರೆಯಿತು. ನನಗೆ ಬೇಜಾರಿಲ್ಲ ಎಂದು ನೂರು ಸಲ ಹೇಳಿದ್ದೇನೆ. ಉಡುಪಿಯವರಿಗೆ ದೇವರು ಕಪ್ಪಿದ್ದರೆ ಅಡ್ಡಿಯಿಲ್ಲ, ಅಳಿಯ ಕಪ್ಪಾಗಬಾರದು ಎಂದು ನನ್ನ ಮದುವೆಯಲ್ಲಿ ನಾನೇ ಜೋಕು ಮಾಡಿ ನಗಿಸಿದವ. ಬೇಜಾರು ಇತ್ತು ಮಾರಾಯ. ಇಷ್ಟು ವರ್ಷ ಆಗಿ ಹದಿಮೂರು ದಿನದ ಮಗುವಿನ ಮೇಲೆ ತೀರಿಸುವಷ್ಟು ಇತ್ತು ಅಂತ ಮಾತ್ರ ಗೊತ್ತಿರಲಿಲ್ಲ.

ಪೂರ್ತಿ ಹೇಳಲಿಲ್ಲ. ತೊಟ್ಟಿಲು ಹಾಕಿದ ದಿನ ನೆಂಟರ ಪೈಕಿ ಒಬ್ಬ ಹಿರಿಯ ಹೆಂಗಸು ಮಗುವನ್ನು ಮಡಿಲಿಗೆ ಹಾಕಿಕೊಂಡು, ಮುಖ ನೋಡಲಿಲ್ಲ, ಬಲಗಿವಿಯನ್ನು ಎರಡು ಬೆರಳಿನಲ್ಲಿ ಮೆಲ್ಲ ಮಡಚಿ ಅದರ ಅಂಚು ನೋಡಿದರು. ಹುಟ್ಟಿದಾಗಿನ ಬಣ್ಣ ನಂಬಲಿಕ್ಕಿಲ್ಲ, ಮುಂದೆ ಬರುವ ಬಣ್ಣ ಕಿವಿಯ ಅಂಚಿನಲ್ಲಿ ಬರೆದಿರುತ್ತದೆ ಅಂತಾರಲ್ಲ. ನೋಡಿ, ಕಿವಿ ಬಿಟ್ಟು, "ಇರಲಿ, ಲಕ್ಷಣ ಉಂಟು" ಅಂದರು. ಇರಲಿ ಅಂತೆ. ಫೋಟೋದವರ ಮನೆಯಲ್ಲಿ, ಎಲ್ಲ ಮುಗಿದು ಅವರು ಫೈಲು ಮುಚ್ಚುವ ಹೊತ್ತಿಗೆ ನಾನು ಹೇಳಿದ ಕೊನೆಯ ಮಾತು ಏನು ಗೊತ್ತುಂಟಾ? "ಕಿವಿಯೂ ಒಂಚೂರು ನೋಡಿ."

ಅವರು ಕಿವಿಯನ್ನು ದೊಡ್ಡದು ಮಾಡಿ ಸ್ಕ್ರೀನಿಗೆ ತಂದರು. ಅಂಗೈಯಗಲದ ಕಿವಿ. ಅಂಚಿನ ಮೇಲೆ ಬಂಗಾರದ ಬಣ್ಣದ ನವಿರು ರೋಮ, ಹಿಂದೆ ಒಂದು ಸಣ್ಣ ಮಡಿಕೆ. ಅದರಲ್ಲಿ ಎಣ್ಣೆ ನಿಂತಿತ್ತು, ಮೀಸುವಾಗ ಅತ್ತೆ ತಿಕ್ಕಿದ್ದು. ಅದರ ಮೇಲೆ ಬ್ರಶ್ಶು ಓಡಿತು.

ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಸ್ಟೇಟಸ್ಸಿಗೆ ಹಾಕಿದೆ, ನೀನೂ ಹೃದಯ ಒತ್ತಿದ್ದಿ. "ಅಮ್ಮನ ಬಣ್ಣ, ಬಚಾವ್" ಎಂದು ಒಬ್ಬರು ಬರೆದರು, ಅದಕ್ಕೆ ನಾನು ಹೃದಯ ಒತ್ತಿದೆ. ಹೆಂಡತಿ ಫೋಟೋವನ್ನು ತುಂಬ ಹೊತ್ತು ನೋಡಿ "ಚಂದ ಬಂದಿದೆ" ಅಂದಳು. ಅಷ್ಟೇ. ಬೈದಿದ್ದರೆ ಆಗುತ್ತಿತ್ತು.

ಕಳೆದ ಆದಿತ್ಯವಾರ ಅಮ್ಮನ ಕಪಾಟಿನಲ್ಲಿ ನನ್ನದೇ ಒಂದು ಫೋಟೋ ಸಿಕ್ಕಿತು. 1988ರದ್ದು, ಹಂಪನಕಟ್ಟೆಯ ಒಂದು ಸ್ಟುಡಿಯೋದಲ್ಲಿ ತೆಗೆಸಿದ್ದು. ಎಂಟು ತಿಂಗಳ ನಾನು ಮರದ ಕುದುರೆಯ ಮೇಲೆ. ಮುಖಕ್ಕೆ ಹೊಯ್ದ ಕ್ಯುಟಿಕ್ಯೂರಾ ಪೌಡರು ಕುತ್ತಿಗೆಗೆ ಬರುವಷ್ಟರಲ್ಲಿ ಖಾಲಿಯಾಗಿದೆ. ಮುಖ ಬೆಳ್ಳಗೆ, ಎರಡು ಕಿವಿ ಅಪ್ಪಟ ಕಪ್ಪು. ಆಗಿನ ಸ್ಟುಡಿಯೋದವರು ನೆಗೆಟಿವಿನ ಮೇಲೆ ಪೆನ್ಸಿಲು ಆಡಿಸಿಯೂ ಮುಖ ಬೆಳ್ಳಗೆ ಮಾಡುತ್ತಿದ್ದರು. ನೆಗೆಟಿವಿನಲ್ಲಿ ಕಪ್ಪು ಬಳಿದರೆ ಪ್ರಿಂಟಿನಲ್ಲಿ ಬಿಳಿ. ಅಮ್ಮನಿಗೆ ತೋರಿಸಿ "ಇಷ್ಟು ಪೌಡರು ಯಾಕಮ್ಮ?" ಅಂದೆ. "ಫೋಟೋಕ್ಕಲ್ವಾ ಮಗಾ" ಅಂದರು, ತೆಂಗಿನಕಾಯಿ ಹೆರೆಯುತ್ತಾ.

ಆಯ್ತು, ಸಾಕು. ನೀನು ಫೋಟೋದವರ ನಂಬರು ಕೇಳಿದರೆ ನಾನು ಪಾಪನಿವೇದನೆ ಮಾಡುತ್ತಾ ಕೂತಿದ್ದೇನೆ, ಅದೂ ಮುನ್ನೂರು ಜನರ ಎದುರು. ಇದನ್ನು ಓದಿ ಹೆಂಡತಿ ಬಾರ್ಕೂರಿನಿಂದ ಫೋನು ಮಾಡಿದರೆ ನಾನು ಹೆಜಮಾಡಿ ಟೋಲಿನಲ್ಲಿ ಸಿಕ್ಕಿಬಿದ್ದಿದ್ದೇನೆ, ಸಿಗ್ನಲ್ ಇಲ್ಲ ಎಂದು ನೀವೆಲ್ಲ ಸಾಕ್ಷಿ ಹೇಳಬೇಕು. ಫೋಟೋದವರಿಗೆ ಮೆಸೇಜು ಹಾಕಿ ಹಳದಿ ಮಾತ್ರ ತೆಗೆದ ಮೊದಲಿನ ಫೈಲು ಉಂಟಾ ಎಂದು ಕೇಳಿದೆ. ಒಂದು ನಿಮಿಷವೂ ಆಗಲಿಲ್ಲ, ಬಂತು. ತೆಗೆದೇ ಇಟ್ಟಿದ್ದರೋ ಏನೋ. ಫ್ರೇಮಿನವನಿಗೆ ಕೊಟ್ಟು ಬಂದಿದ್ದೇನೆ, ಬುಟ್ಟಿಯ ಫೋಟೋ, 12 ಇಂಚು 18 ಇಂಚು. ಅತ್ತೆ ಆ ಬುಟ್ಟಿಯನ್ನು ಈಗ ಯಾರಿಗೂ ಕಾಣದ ಹಾಗೆ ಅಟ್ಟಕ್ಕೆ ಹಾಕಿ, ಹೊಸದರಲ್ಲಿ ಬಟ್ಟೆ ಒಣಗಿಸುತ್ತಿದ್ದಾರಂತೆ.

ನೀನು ಡಿಸೆಂಬರಿಗೆ ಬಂದಾಗ ನನ್ನ ಮಗಳಿಗೆ ನಂಬರು ಗಿಂಬರು ಇಟ್ಟರೆ ಕಾಲು ಮುರಿಯುತ್ತೇನೆ, ಇದು ಕುಶಾಲು ಅಲ್ಲ. ಬರುವಾಗ ಟ್ಯಾಂಗು, ನಿಡೋ, ಅಜ್ಜಿಗೆ ಹಚ್ಚಲು ಆ ಹಸಿರು ಬಾಟಲಿಯ ಎಣ್ಣೆ, ಎಲ್ಲ ತಾ. ಪೌಡರು ಮಾತ್ರ ಬೇಡ. ಡಾಕ್ಟರು ಬೇಡ ಅಂದಿದ್ದಾರೆ, ಶ್ವಾಸಕ್ಕೆ ಹೋಗ್ತದಂತೆ.

ನಿನ್ನ
ಆರನೇ ನಂಬರು