ಅಪ್ಪಯ್ಯನ ಕಣ್ಣು ಮತ್ತು ಇಲ್ಲಿನ ಟಿವಿ

ಗಾಲ್ವೇ, ಐರ್ಲೆಂಡ್

ಆಯಿಗೆ ನಮಸ್ಕಾರ.

ನಾನು ಆರಾಮ. ನಿನ್ನ ಪತ್ರ ನೋಡಿದ ಮೇಲೆ ನಿದ್ದೆ ಸರಿಯಾಗಿ ಬಂದಿಲ್ಲ. ಅಪ್ಪಯ್ಯ ಟಿವಿಗೆ ಒಂದು ಮೊಳ ದೂರದಲ್ಲಿ ಕೂತರೂ ಯಕ್ಷಗಾನದಲ್ಲಿ ಯಾವ ವೇಷ ಬಂತು ಅಂತ ನಿನ್ನನ್ನೇ ಕೇಳುತ್ತಾನೆ ಎಂದು ಬರೆದಿದ್ದೀಯ. ಪೊರೆ ಬಲಿತಿದೆ ಅಂತ ಶಿರಸಿಯ ಡಾಕ್ಟರು ಹೇಳಿದ ಮೇಲೂ ಅಡಿಕೆ ಕೊನೆಕೊಯ್ಲು ಮುಗಿಯಲಿ ಅಂದರೆ ಹೇಗೆ? ಮರ ಹತ್ತಿ ಕೊನೆ ಇಳಿಸುವ ಕೊನೆಗೌಡನ ಜೊತೆ ತೋಟದಲ್ಲಿ ನಿಲ್ಲೋದಕ್ಕೆ ತಮ್ಮ ಇದ್ದಾನಲ್ಲ.

ಅಲ್ಲಿನ ಸರ್ಕಾರಿ ಟಿವಿಯಲ್ಲಿ ಏನು ಬರುತ್ತದೆ ಅಂತ ಅಪ್ಪಯ್ಯ ಕೇಳಿದ್ದ. ಇದನ್ನು ಅವನಿಗೆ ಓದಿ ಹೇಳು. ಇಲ್ಲಿ ಮನೆಯಲ್ಲಿ ಟಿವಿ ಇದ್ದರೆ ವರ್ಷಕ್ಕೆ 160 ಯೂರೋ ಲೈಸೆನ್ಸ್ ಕಟ್ಟಬೇಕು! ಅಜ್ಜನ ಕಾಲದಲ್ಲಿ ರೇಡಿಯೋಕ್ಕೆ ಕಟ್ಟುತ್ತಿದ್ದರಲ್ಲ, ಹಾಗೆ. ಐರಿಷ್ ಭಾಷೆಗೇ ಅಂತ ಟಿಜಿ4 ಚಾನೆಲ್ ಇದೆ, 1996ರಲ್ಲಿ ಶುರುವಾಗಿದ್ದು. ಅದರ ಆಫೀಸು ರಾಜಧಾನಿ ಡಬ್ಲಿನ್‌ನಲ್ಲಿಲ್ಲ. ಗಾಲ್ವೇಯಿಂದ ಪಶ್ಚಿಮಕ್ಕೆ, ಕಡಲ ಕಡೆಯ ಒಂದು ಹಳ್ಳಿಯಲ್ಲಿದೆ. ಅದರ ಧಾರಾವಾಹಿಯ ಶೂಟಿಂಗ್ ಕೂಡ ಅದೇ ದಾರಿಯ ಸ್ಪಿಡಲ್ ಊರಿನಲ್ಲಿ. ಹರ್ಲಿಂಗ್ ಅಂತ ಕೋಲು ಹಿಡಿದು ಆಡುವ ಆಟ ಇದೆ, ಈ ಚಾನೆಲ್‌ನಲ್ಲಿ ಅದರ ಕಾಮೆಂಟರಿಯೂ ಐರಿಷ್‌ನಲ್ಲೇ. 2022ರ ಜನಗಣತಿಯಲ್ಲಿ ಶಾಲೆಯ ಹೊರಗೆ ದಿನಾ ಆ ಭಾಷೆ ಮಾತಾಡುವವರು ಸುಮಾರು 72 ಸಾವಿರ, ಅಷ್ಟೇ. ನಮ್ಮ ಉತ್ತರ ಕನ್ನಡದಲ್ಲೇ 2011ರಲ್ಲಿ 14 ಲಕ್ಷ ಜನ ಇದ್ದೆವು!

ನಮಗೆ ಬೇರೆ ಚಾನೆಲ್ ಬೇಡ. ಚಂದನದಲ್ಲಿ ವಾರಕ್ಕೆ ಒಂದು ತಾಸು ಕಾರವಾರದಿಂದಲೇ ಬಂದರೆ ಸಾಕು. ಆಕಾಶವಾಣಿ ಅಲ್ಲಿ ಇದ್ದೇ ಇದೆಯಲ್ಲ. ಹಾಲಕ್ಕಿಯವರ ಸುಗ್ಗಿ ಕುಣಿತ, ಯಲ್ಲಾಪುರ ಕಡೆಯ ಸಿದ್ದಿಯರ ಡಮಾಮಿ ಕುಣಿತ ಬರಲಿ. ಕೊಳೆ ರೋಗ ಬಂದ ತೋಟದಲ್ಲಿ ನಿಂತು ಬೆಳೆಗಾರನೇ ಮಾತಾಡಲಿ. ಮಳೆಗಾಲದಲ್ಲಿ ದೋಣಿ ದಡಕ್ಕೆ ಎಳೆದ ಮೇಲೆ ಮನೆ ಹೇಗೆ ನಡೆಯುತ್ತದೆ ಅಂತ ಮೀನುಗಾರರ ಮನೆಯ ಹೆಂಗಸರು ಹೇಳಲಿ. ಹಬ್ಬದ ದಿನ ಮಾತ್ರ ನಮ್ಮನ್ನು ಕುಣಿಸಿ ತೋರಿಸಿದರೆ ಸಾಲದು.

ಹಾಗಂತ ಚಂದನವನ್ನು ನಾನು ಬಿಟ್ಟುಕೊಡುವವಳಲ್ಲ. ಸರಿ ಉತ್ತರಕ್ಕೆ ಪುಸ್ತಕ ಕೊಡುವ 'ಥಟ್ ಅಂತ ಹೇಳಿ' ಬಗ್ಗೆ ಇಲ್ಲಿ ಹೇಳಿದೆ. ದುಡ್ಡಲ್ಲ, ಪುಸ್ತಕವಾ ಅಂತ ಎಲ್ಲರಿಗೂ ಆಶ್ಚರ್ಯ. ನನಗೆ ಎಷ್ಟು ಹೆಮ್ಮೆಯಾಯಿತು ಗೊತ್ತಾ!

ಬೆಂಗಳೂರು ದೂರದರ್ಶನಕ್ಕೆ ಇದನ್ನೆಲ್ಲ ಅಪ್ಪಯ್ಯನೇ ಬರೆಯಲಿ. ಅವನಷ್ಟು ಚೆನ್ನಾಗಿ ಬರೆಯುವವರು ನಮ್ಮ ಮನೆಯಲ್ಲಿ ಬೇರೆ ಯಾರಿದ್ದಾರೆ? ಅದಕ್ಕಾದರೂ ಕಣ್ಣು ಮಾಡಿಸಿಕೊಳ್ಳಲಿ. ಹೆದರುವಂಥದ್ದು ಏನೂ ಇಲ್ಲ ಆಯಿ. ಸಾಮಾನ್ಯವಾಗಿ ಅರ್ಧ ತಾಸಿನ ಒಳಗಿನ ಕೆಲಸ, ಅದೇ ದಿನ ಮನೆಗೆ ಕಳಿಸುತ್ತಾರೆ. ತೊಂದರೆ ಆಗುವುದು ತೀರಾ ಅಪರೂಪ. ಆಮೇಲೆ ಡ್ರಾಪ್ಸ್ ತಪ್ಪಿಸಬಾರದು. ಬಚ್ಚಲೊಲೆಯ ಹೊಗೆ, ಅಡಿಕೆಯ ಧೂಳು ಕೆಲವು ವಾರ ಬೇಡವೇ ಬೇಡ. ದುಡ್ಡಿನ ಯೋಚನೆ ಬಿಡು, ತಮ್ಮನ ಖಾತೆಗೆ ಹಾಕಿದ್ದೇನೆ. ನಾನೂ ಚೆನ್ನಾಗಿ ಊಟ ಮಾಡುತ್ತಿದ್ದೇನೆ, ಚಳಿಗೆ ದಪ್ಪ ಕೋಟು ಇದೆ.

ಡ್ಯೂಟಿಗೆ ಹೊತ್ತಾಯಿತು. ಆಪರೇಷನ್ ತಾರೀಖು ಗೊತ್ತಾದ ಕೂಡಲೇ ತಮ್ಮನ ಹತ್ತಿರ ಫೋನ್ ಮಾಡಿಸು.

ನಿನ್ನ ಮಗಳು