ಪಡುಬಿದ್ರಿಯ ಬೊಂಡದ (ಎಳನೀರಿನ) ಅಂಗಡಿಯ ಅಣ್ಣನಿಗೆ
ಏಪ್ರಿಲ್‌ನ ಉರಿಬಿಸಿಲು. ಮಂಗಳೂರಿನಿಂದ ಉಡುಪಿಗೆ ಹೊರಟಿದ್ದಾಗ ಪಡುಬಿದ್ರಿಯ ಬಳಿ ಕಾರಿನ ಎಸಿ ಕೆಟ್ಟಿತು. ನಮ್ಮ ಲ್ಯಾಬ್ರಡಾರ್ ನಾಯಿ ರಾಣಿ ನಾಲಿಗೆ ಚಾಚಿ ಏದುಸಿರು ಬಿಡುತ್ತಿದ್ದಳು. ಒಸಡು ಕಡುಗೆಂಪು, ಜೊಲ್ಲು ಅಂಟಂಟು. ಹೆದ್ದಾರಿ 66ರ ಬದಿಯಲ್ಲಿ ಬೊಂಡ ಕೆತ್ತುತ್ತಿದ್ದ ಅಣ್ಣಾ, ನಾನು ಕೇಳುವ ಮೊದಲೇ ನೀವು ಕತ್ತಿ ಕೆಳಗಿಟ್ಟು ಬಂದಿರಿ. ಅವಳನ್ನು ಮರದ ನೆರಳಿಗೆ ಎತ್ತಿಕೊಂಡು ಹೋಗಿ ಹೊಟ್ಟೆ, ತೊಡೆಸಂದು, ಪಾದಗಳಿಗೆ ಕೊಡದ ನೀರು ಸುರಿದಿರಿ. ನಾನು ಒದ್ದೆ ಟವೆಲ್ ತಂದಾಗ, "ಹೊದಿಸುವುದು ಬೇಡ ಅಕ್ಕ, ಬಿಸಿ ಒಳಗೇ ನಿಲ್ಲುತ್ತದೆ" ಎಂದು ರಟ್ಟಿನಿಂದ ಗಾಳಿ ಬೀಸುತ್ತಲೇ ಇದ್ದಿರಿ. ಬೊಂಡದ ಚಿಪ್ಪಿನಲ್ಲಿ ಗುಟುಕು ಗುಟುಕಾಗಿ ನೀರು ಕುಡಿಸಿದಿರಿ. ಗಿರಾಕಿಗಳು ಕಾದರು, ನೀವು ತಿರುಗಿ ನೋಡಲಿಲ್ಲ. ಅವಳು ಬಾಲ ಅಲ್ಲಾಡಿಸಿದಾಗಲೇ ನನ್ನ ಕೈನಡುಕ ನಿಂತದ್ದು. ಸಂಜೆ ಪಶುವೈದ್ಯರು ನೋಡಿದಾಗ ಮೈಬಿಸಿ 39 ಡಿಗ್ರಿ, ನಾಯಿಗೆ ಸಹಜವಾದದ್ದೇ. ನಾನು ಕುಡಿದ ಬೊಂಡದ ಹಣವನ್ನಷ್ಟೇ ನೀವು ತೆಗೆದುಕೊಂಡಿರಿ. ರಾಣಿ ಚೆನ್ನಾಗಿದ್ದಾಳೆ ಅಣ್ಣಾ. ಧನ್ಯವಾದ.