ಚಿತ್ರ ಉಳಿಸುವ ಕೆಲಸ ಕಲಿಯಲು ಕರಾವಳಿಯಲ್ಲೇ ಒಂದು ಜಾಗ ಬೇಕು

ಮಾನ್ಯ ಸಂಪಾದಕರೇ,

ನನ್ನ ಅಪ್ಪ ಮಲ್ಪೆ ಬಂದರಿನಲ್ಲಿ ಬೋಟುಗಳಿಗೆ ಪೇಂಟ್ ಹೊಡೆಯುತ್ತಾರೆ. ನಾನು ಹಳೆಯ ತೈಲಚಿತ್ರಗಳನ್ನು ಉಳಿಸುವ ಕೆಲಸ ಕಲಿಯುತ್ತಿರುವವಳು. ಮೊದಲ ಸಲ ಈ ವಿಷಯ ಹೇಳಿದಾಗ ಅಪ್ಪ ಕೇಳಿದ್ದು ಒಂದೇ ಮಾತು: "ಒಳಗೆ ಪಸೆ ಇದ್ರೆ ಏನು ಮಾಡ್ತಿ ಮಗಾ?" ಮರದಲ್ಲಿ ನೀರಿನ ಪಸೆ ಉಳಿದರೆ ಮೇಲಿನ ಪೇಂಟ್ ಗುಳ್ಳೆ ಎದ್ದು ಕಳಚುತ್ತದೆ ಎಂದು ಅವರಿಗೆ ಗೊತ್ತು. ಎರಡು ವರ್ಷದ ಎಂ.ಎ. ಮುಗಿಸಿ, ದೂರದ ಒಂದು ಮ್ಯೂಸಿಯಂನಲ್ಲಿ ಹತ್ತು ತಿಂಗಳು ಟ್ರೈನಿಯಾಗಿದ್ದು ಊರಿಗೆ ಬಂದಿದ್ದೇನೆ. ನಮ್ಮ ಕಡೆಯ ಚಿತ್ರಗಳಿಗೆ ಕೇಳಬೇಕಾದ ಮೊದಲ ಪ್ರಶ್ನೆಯೂ ಅಪ್ಪ ಕೇಳಿದ್ದೇ.

ಹೋದ ತಿಂಗಳು ಉಡುಪಿ ಹತ್ತಿರದ ಒಂದು ಹಳೆಯ ಮನೆಗೆ ಕರೆದರು. ಚಾವಡಿಯಲ್ಲಿ ಹಿರಿಯಜ್ಜನ ತೈಲಚಿತ್ರ. ಯಾರೋ ಬೋರ್ಡ್ ಬರೆಯುವವರು ಸೋಪಿನ ನೀರಿನಲ್ಲಿ ಒರೆಸಿ, ಮೇಲೆ ಬಾಗಿಲಿಗೆ ಹಚ್ಚುವ ವಾರ್ನಿಶ್ ಬಳಿದಿದ್ದರು. ಅಜ್ಜನ ಎಡಕೆನ್ನೆಯ ಬಣ್ಣ ಚೂರುಚೂರಾಗಿ ಚೌಕಟ್ಟಿನ ತಳದಲ್ಲಿ ಬಿದ್ದಿತ್ತು. ಮನೆಯ ಅಮ್ಮ ಅಳುತ್ತಿದ್ದರು. ತಪ್ಪು ಅವರದಲ್ಲ. ಕೇಳಲು ಇಲ್ಲಿ ಯಾರಿದ್ದಾರೆ ಹೇಳಿ?

ಈ ಕೆಲಸ ಓದಿ ಬರುವಂಥದ್ದಲ್ಲ, ಕೈಯಿಂದ ಬರಬೇಕು. ಮ್ಯೂಸಿಯಂನಲ್ಲಿ ಮೊದಲ ಮೂರು ತಿಂಗಳು ನನಗೆ ಒಂದು ಚಿತ್ರವನ್ನೂ ಸರಿಮಾಡಲು ಕೊಡಲಿಲ್ಲ. ಬಿದಿರಿನ ಕಡ್ಡಿಗೆ ಹತ್ತಿ ಸುತ್ತುವುದು. ಟಾರ್ಚ್ ಬೆಳಕನ್ನು ಪಕ್ಕದಿಂದ ಹಾಯಿಸಿ, ಎಲ್ಲಿ ಬಣ್ಣ ಎದ್ದಿದೆ ಎಂದು ನೋಡಿ ನಕ್ಷೆ ಬರೆಯುವುದು. ಪೆನ್ ಹಿಡಿಯುವ ಹಾಗಿಲ್ಲ, ಪೆನ್ಸಿಲ್ ಮಾತ್ರ. ನೇರಳಾತೀತ ದೀಪದ ಕೆಳಗೆ ಹಳೆಯ ವಾರ್ನಿಶ್ ಹಸಿರಾಗಿ ಹೊಳೆಯುತ್ತದೆ, ಆಮೇಲೆ ಯಾರೋ ಮೇಲೆ ಹಚ್ಚಿದ ಬಣ್ಣ ಕಪ್ಪಾಗಿ ಕಾಣುತ್ತದೆ. ಅದನ್ನು ಮೊದಲ ಸಲ ನೋಡಿದ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕೊಳೆ ತೆಗೆಯಲು ಎಷ್ಟೋ ಸಲ ನಮ್ಮ ಬಾಯಿಯ ಎಂಜಲೇ ಸಾಕು, ಅದರಲ್ಲಿರುವ ಕಿಣ್ವಗಳು ಮೆತ್ತಗೆ ಕೆಲಸ ಮಾಡುತ್ತವೆ. ಅದೂ ಮೊದಲು ಒಂದು ಮೂಲೆಯಲ್ಲಿ, ಹೆಸರುಕಾಳಿನಷ್ಟು ಜಾಗದಲ್ಲಿ ಪರೀಕ್ಷೆ ಮಾಡಿದ ಮೇಲೆ. ಬಣ್ಣ ಹೋದ ಕಡೆ ಮಾತ್ರ ಹೊಸ ಬಣ್ಣ ತುಂಬಬೇಕು. ಮುಂದೆ ಬರುವವರು ಬೇಕೆಂದರೆ ಅದನ್ನು ತೆಗೆಯಲು ಆಗಬೇಕು. ಪಕ್ಕದಲ್ಲಿ ನಿಂತು "ಸಾಕು, ಕೈ ತೆಗೆ" ಎನ್ನುವ ಹಿರಿಯರಿಲ್ಲದೆ ಇದು ಯಾರಿಗೂ ಬರುವುದಿಲ್ಲ.

ಆದರೆ ನಾನು ಕಲಿತ ಊರಿನಲ್ಲಿ ನಮ್ಮಂಥ ಮಳೆ ಇಲ್ಲ. ಇಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಆಷಾಢದಲ್ಲಿ ಬೀರುವಿನೊಳಗಿನ ಬಟ್ಟೆಗೂ ಬೂಷ್ಟು ಬರುತ್ತದೆ, ಅಲ್ವಾ? ಗಾಳಿಯ ತೇವ ಶೇ. 80 ದಾಟಿದರೆ ಕ್ಯಾನ್ವಾಸಿನ ನೂಲು ಉಬ್ಬಿ ಬಟ್ಟೆ ಕುಗ್ಗುತ್ತದೆ. ಕೆಳಗಿನ ಅಂಟಿನ ಪದರ ಮೆತ್ತಗಾಗುತ್ತದೆ. ಹಳೆಯ ಬಣ್ಣ ಬಟ್ಟೆಯ ಜೊತೆ ಕುಗ್ಗುವುದಿಲ್ಲ, ಹಾಗಾಗಿ ಎದ್ದು ನಿಲ್ಲುತ್ತದೆ. ಏಸಿ ಹಾಕಿದರೆ ಸರಿಯಾಯಿತು ಎಂದು ತುಂಬಾ ಜನ ತಿಳಿದಿದ್ದಾರೆ. ಬೆಳಿಗ್ಗೆ ಹತ್ತಕ್ಕೆ ಹಾಕಿ ಸಂಜೆ ಐದಕ್ಕೆ ಆರಿಸುವ ಏಸಿ ಜಾಸ್ತಿ ಅಪಾಯ. ಹಗಲು ಒಣಗಿ ರಾತ್ರಿ ನೆನೆಯುವ ಚಿತ್ರ ದಿನಾ ಹಿಗ್ಗಿ ಕುಗ್ಗಿ ಬೇಗ ಬಿರಿಯುತ್ತದೆ. ಇದನ್ನು ಇಲ್ಲೇ ಒಂದು ಪೂರ್ತಿ ಮಳೆಗಾಲ ಕೂತು, ಅಳತೆ ಬರೆದು ಕಲಿಯಬೇಕು.

ಉಳಿಸಿಕೊಳ್ಳಬೇಕಾದ್ದು ಕಡಿಮೆ ಇದೆಯಾ? ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ನಲ್ಲಿ ಇಟಲಿಯ ಆಂಟೋನಿಯೊ ಮೊಸ್ಕೇನಿ 1899ರಿಂದ ಬರೆದ ಭಿತ್ತಿಚಿತ್ರಗಳು ಮತ್ತು ಕ್ಯಾನ್ವಾಸ್ ಚಿತ್ರಗಳಿವೆ. ಹೈಸ್ಕೂಲಿನಲ್ಲಿದ್ದಾಗ ಟೀಚರ್ ಕರೆದುಕೊಂಡು ಹೋಗಿದ್ದರು, ಕತ್ತು ನೋಯುವವರೆಗೂ ನೋಡಿದ್ದೆ. 1990ರ ದಶಕದಲ್ಲಿ ಅವುಗಳನ್ನು ಉಳಿಸಿದ್ದು ಕಲೆ, ಪರಂಪರೆ ಉಳಿಸಲು ದುಡಿಯುವ ಇಂಟಾಕ್ ಸಂಸ್ಥೆಯ ಪರಿಣತರು. ಬಿಜೈಯ ಶ್ರೀಮಂತಿ ಬಾಯಿ ಸರ್ಕಾರಿ ಮ್ಯೂಸಿಯಂ, ಮಣಿಪಾಲದ ಹೆರಿಟೇಜ್ ವಿಲೇಜ್, ದೇವಸ್ಥಾನದ ಸುಣ್ಣದ ಗೋಡೆಗಳ ಮೇಲಿನ ಕೆಂಪು ಕಾವಿ ಚಿತ್ರಗಳು ಎಲ್ಲವೂ ಇದೇ ತೇವದಲ್ಲಿವೆ. ಹೆಸರಾಂತ ಚಿತ್ರಕಾರ ಕೆ.ಕೆ. ಹೆಬ್ಬಾರರು ಹುಟ್ಟಿದ್ದು ಇಲ್ಲೇ, ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ.

ಇನ್ನೊಂದು ಮಾತು. ಆ ಹತ್ತು ತಿಂಗಳು ನನಗೆ ಒಂದು ರೂಪಾಯಿ ಸ್ಟೈಪೆಂಡ್ ಸಿಗಲಿಲ್ಲ. ಪಿಜಿ ಬಾಡಿಗೆಗೆ ಅಪ್ಪ ಸಾಲ ಮಾಡಿದರು. ನನ್ನ ಜೊತೆ ಸೇರಿದ್ದ ಹುಡುಗ ನಾಲ್ಕನೇ ತಿಂಗಳಿಗೆ ಬಿಟ್ಟು ಹೋದ. ಅವನ ಕೈ ನನ್ನ ಕೈಗಿಂತ ಚೆನ್ನಾಗಿತ್ತು. ಈಗ ಮೊಬೈಲ್ ಅಂಗಡಿಯಲ್ಲಿದ್ದಾನೆ. ಹೊರದೇಶದ ಎಷ್ಟೋ ಮ್ಯೂಸಿಯಂಗಳಲ್ಲಿ ಹೊಸಬರಿಗೆ ಸಂಬಳ ಕೊಟ್ಟೇ ವರ್ಷಗಟ್ಟಲೆ ಕಲಿಸುತ್ತಾರೆ.

ನಾನು ದೊಡ್ಡ ಕಟ್ಟಡ ಕೇಳುತ್ತಿಲ್ಲ. ರಾಜ್ಯದ ಪುರಾತತ್ವ, ಸಂಗ್ರಹಾಲಯ ಮತ್ತು ಪರಂಪರೆ ಇಲಾಖೆ ಉಡುಪಿ, ದಕ್ಷಿಣ ಕನ್ನಡ ಎರಡು ಜಿಲ್ಲೆಗೆ ಸೇರಿ ಒಂದು ಟ್ರೈನಿ ಹುದ್ದೆ ಕೊಡಲಿ. ಒಂದು ವರ್ಷಕ್ಕೆ, ತಿಂಗಳಿಗೆ 25 ಸಾವಿರ. ಒಂದು ಕೋಣೆ, ಉತ್ತರದ ಕಡೆ ಕಿಟಕಿ, ಒಂದು ಉದ್ದ ಮೇಜು. ಮೈಸೂರಿನಲ್ಲಿ ಕೇಂದ್ರ ಸರ್ಕಾರದ ಸಂರಕ್ಷಣಾ ಪ್ರಯೋಗಾಲಯವಿದೆ, ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಇಂಟಾಕ್ ಕೇಂದ್ರವಿದೆ. ಅಲ್ಲಿಂದ ಹಿರಿಯರೊಬ್ಬರು ತಿಂಗಳಿಗೆ ನಾಲ್ಕು ದಿನ ಬಂದರೂ ಸಾಕು. ಆ ಹುದ್ದೆ ನನಗೇ ಸಿಗಬೇಕೆಂದು ಬರೆಯುತ್ತಿಲ್ಲ. ಯಾರಿಗಾದರೂ ಸಿಗಲಿ.

ಆ ಹಳೆಯ ಮನೆಯಲ್ಲಿ ಕೆನ್ನೆಯ ಚೂರುಗಳನ್ನು ಮೆತ್ತನೆಯ ಬ್ರಷ್‌ನಿಂದ ಎತ್ತಿ, ತೆಳು ಕಾಗದದಲ್ಲಿಟ್ಟು, ಡಬ್ಬಿಯ ಮೇಲೆ ತಾರೀಕು ಬರೆದು ಬಂದೆ. ಚಿತ್ರವನ್ನು ಗೋಡೆಯಿಂದ ಇಳಿಸಿ, ಮುಖ ಮೇಲೆ ಮಾಡಿ ಮಲಗಿಸಲು ಹೇಳಿದ್ದೇನೆ. ಮನೆಯ ಅಮ್ಮ ವಾರಕ್ಕೊಮ್ಮೆ ಫೋನ್ ಮಾಡುತ್ತಾರೆ. ಒಬ್ಬಳೇ ಕೈಹಾಕುವಷ್ಟು ಅನುಭವ ನನಗಿನ್ನೂ ಆಗಿಲ್ಲ ಎಂದೇ ಪ್ರತಿ ಸಲ ಹೇಳುತ್ತಿದ್ದೇನೆ.

— ಒಬ್ಬ ಓದುಗಿ, ಮಲ್ಪೆ